ಮೇಸ್ತ್ರಿಯ ಉಸಿರು ಮತ್ತು ಮೂರು ಚೆಂಡು

ಆ ಹತ್ತು ದಿನಗಳಲ್ಲಿ ನಡೆದ ರಾದ್ಧಾಂತಕ್ಕೆಲ್ಲ ನಾನೇ ಕಾರಣ ಎಂದು ಕೆಲವರು ಇಂದಿಗೂ ಹೇಳುತ್ತಾರೆ. ಆಡುವವರ ಬಾಯಿಗೆ ಬೀಗ ಹಾಕುವುದಕ್ಕಾಗುತ್ತದೆಯೇ? ನಮ್ಮ ಬೀದಿಯ ಮೂಲೆಯಲ್ಲಿ ಕಸಕ್ಕೆ ಬೆಂಕಿ ಇಡುವುದು ನಿಂತದ್ದೂ ಅದೇ ಹತ್ತು ದಿನಗಳಲ್ಲಿ. ಅದಕ್ಕೆ ನಾನು ಕಾರಣ ಎಂದು ಮಾತ್ರ ಒಬ್ಬರೂ ಹೇಳುವುದಿಲ್ಲ.

ನಾನು ಗಾಜಿನ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದ ಗುಮಾಸ್ತ. ನನ್ನ ಮಾವನವರು ಅದೇ ಕಾರ್ಖಾನೆಯಲ್ಲಿ ಊದುವ ಮೇಸ್ತ್ರಿ. ಕಬ್ಬಿಣದ ಉದ್ದನೆಯ ಊದುಕೊಳವೆಯ ತುದಿಯಲ್ಲಿ ಕುಲುಮೆಯಿಂದ ಕರಗಿದ ಗಾಜಿನ ಮುದ್ದೆ ಎತ್ತಿಕೊಂಡು ಅವರು ಈ ತುದಿಯಿಂದ ಊದಿದರೆ, ಆ ತುದಿಯಲ್ಲಿ ಲೋಟವೋ ಹೂದಾನಿಯೋ ದೀಪದ ಗೋಳವೋ ಉಬ್ಬಿ ನಿಲ್ಲುತ್ತದೆ. ಅದನ್ನು ಒಡೆಯದ ಹಾಗೆ ಕಾಗದದಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಡುವುದು ನನ್ನ ಕೆಲಸ. ನಾನು ಮನೆ ಅಳಿಯನೂ ಹೌದು. ಹಗಲು ಅವರು ಊದಿದ್ದನ್ನು ಸುತ್ತುತ್ತೇನೆ, ಸಂಜೆ ಅವರು ಹೇಳಿದ್ದಕ್ಕೆ ತಲೆಯಾಡಿಸುತ್ತೇನೆ. ಎರಡೂ ಕಡೆ ಬಿರುಕು ಬಿಡದ ಹಾಗೆ ನೋಡಿಕೊಂಡು ಏಳು ವರ್ಷ ಕಳೆದಿದ್ದೆ.

ಹೀಗಿರುವಾಗ ಒಂದು ದಿನ ಕಾರ್ಖಾನೆಗೆ ಶ್ವಾಸಕೋಶದ ಡಾಕ್ಟರಮ್ಮ ಬಂದರು. ಕುಲುಮೆಯ ಮುಂದೆ ದುಡಿಯುವವರಿಗೆ ಒಂದು ಗಂಟೆ ತಿಳಿವಳಿಕೆ ಕೊಟ್ಟು, ಆಮೇಲೆ ಉಸಿರಿನ ಅಭ್ಯಾಸ ಮಾಡಿಸಲು ಒಬ್ಬ ಆರೋಗ್ಯ ಪ್ರತಿನಿಧಿಯನ್ನು ಆರಿಸಬೇಕು ಎಂದರು. ಊದುವವರ ಕೈಯೆಲ್ಲ ಕೆಲಸದಲ್ಲಿತ್ತು. ನಾನೊಬ್ಬ ಬಾಗಿಲ ಹತ್ತಿರ ಬರಿಗೈಯಲ್ಲಿ ನಿಂತಿದ್ದೆ. ಮಹತ್ವದ ಆಯ್ಕೆಗಳೆಲ್ಲ ಬಹುಪಾಲು ಹೀಗೆಯೇ ನಡೆಯುತ್ತವೆ. ಕಾರ್ಖಾನೆಯ ಯಜಮಾನರು ನನ್ನ ಅಂಗಿಗೆ ಹಸಿರು ಬಿಲ್ಲೆಯೊಂದನ್ನು ಚುಚ್ಚಿದರು. ಚುಚ್ಚಿದ ಗಳಿಗೆಯಿಂದಲೇ ನನ್ನ ಬೆನ್ನು ನೆಟ್ಟಗಾಯಿತು.

ಡಾಕ್ಟರಮ್ಮ ಹೇಳಿದ್ದೆಲ್ಲ ನನಗೆ ಅಕ್ಷರಶಃ ನೆನಪಿದೆ. ಸಿಗರೇಟು ಬೇಡ. ಸೊಳ್ಳೆಬತ್ತಿಯ ಹೊಗೆ, ಕಸ ಸುಟ್ಟ ಹೊಗೆ ಯಾವುದೂ ಬೇಡ. ಒಣಕಸ ಗುಡಿಸುವ ಮುಂಚೆ ನೀರು ಚಿಮುಕಿಸಿ. ಧೂಳಿದ್ದ ಕಡೆ ಮೂಗಿಗೆ ಬಟ್ಟೆ ಕಟ್ಟಿ. ಕಿಟಕಿ ತೆರೆದಿಡಿ, ದಿನಾ ನಡೆಯಿರಿ, ಮೂಗಿನಿಂದ ಉಸಿರು ಎಳೆದು ಹೊಟ್ಟೆ ಉಬ್ಬುವುದನ್ನು ಕೈಯಿಟ್ಟು ನೋಡಿ, ತುಟಿ ಕಿರಿದು ಮಾಡಿ ನಿಧಾನವಾಗಿ ಬಿಡಿ. ಇಷ್ಟು ಹೇಳಿ ಅವರು ಚೀಲದಿಂದ ಒಂದು ಪ್ಲಾಸ್ಟಿಕ್ ಪೆಟ್ಟಿಗೆ ತೆಗೆದರು. ಅದರಲ್ಲಿ ಪಕ್ಕಪಕ್ಕದಲ್ಲಿ ಮೂರು ಕೊಳವೆ, ಒಂದೊಂದರಲ್ಲೂ ಒಂದೊಂದು ಬಣ್ಣದ ಪುಟ್ಟ ಚೆಂಡು. ಪೆಟ್ಟಿಗೆಯ ಬದಿಯಿಂದ ಬಾಯಿಗೆ ಇಟ್ಟುಕೊಳ್ಳಲು ಒಂದು ಮೆತ್ತನೆಯ ನಳಿಕೆ.

"ಈ ಚೆಂಡುಗಳು ಮೇಲೆ ಏಳ್ಬೇಕು. ಹೇಗೆ ಅಂತ ತೋರಿಸ್ತೀನಿ, ನೋಡಿ" ಎಂದು ಅವರು ನಳಿಕೆ ಎತ್ತಿಕೊಂಡರು.

ಬಿಲ್ಲೆ ಸಿಕ್ಕಿ ಐದು ನಿಮಿಷವಾಗಿತ್ತು. ಕಾರ್ಖಾನೆಯ ಮಾನ ಈಗ ನನ್ನ ಹೆಗಲ ಮೇಲಿತ್ತು. ನಾನು ಕೈ ಎತ್ತಿ ಹೇಳಿದೆ: "ಡಾಕ್ಟ್ರಮ್ಮ, ತಪ್ಪು ತಿಳ್ಕೋಬೇಡಿ. ಇಲ್ಲಿರೋರೆಲ್ಲ ಗಾಜು ಊದೋರು. ಮೂವತ್ತು ವರ್ಷದಿಂದ ಊದ್ತಿರೋ ಮೇಸ್ತ್ರಿಗಳು ಇಲ್ಲೇ ಇದಾರೆ. ನಮಗೆ ಇದನ್ನ ಹೇಳಿಕೊಡೋದು ಅಂದ್ರೆ ಮೀನಿಗೆ ಈಜು ಕಲಿಸಿದ ಹಾಗೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ಮಾವನವರು ಏಳು ವರ್ಷದಲ್ಲಿ ಮೊದಲ ಬಾರಿ ನನ್ನನ್ನು ಮೆಚ್ಚುಗೆಯಿಂದ ನೋಡಿದರು. ಡಾಕ್ಟರಮ್ಮ ನಕ್ಕು, "ಒಳ್ಳೇದಾಯ್ತು. ಹಾಗಾದ್ರೆ ಈ ಚೀಟಿ ಓದ್ಕೊಳ್ಳಿ. ಹತ್ತು ದಿನ ಅಭ್ಯಾಸ ಮಾಡಿಸಿ, ಆಮೇಲೆ ಬಂದು ಪರೀಕ್ಷೆ ಮಾಡ್ತೀನಿ. ಚೆಂಡು ಏಳದೇ ಇದ್ದೋರು ಶ್ವಾಸಕೋಶ ಸರಿಹೋಗೋ ತನಕ ಕುಲುಮೆ ಹತ್ರ ಬರಬಾರದು" ಎಂದು ಹೊರಟುಹೋದರು. ಚೀಟಿ ನನ್ನ ಕೈಯಲ್ಲಿತ್ತು. ಆದರೆ ಕೈಗೆ ಬಂದ ಯಾವ ಕಾಗದವನ್ನಾದರೂ ಲೋಟಕ್ಕೆ ಸುತ್ತುವುದು ನನಗೆ ಉಸಿರಾಟದಷ್ಟೇ ಸಹಜವಾಗಿ ಹೋಗಿದೆ. ಸಂಜೆಯೊಳಗೆ ಆ ಚೀಟಿ ಲೋಟದೊಂದಿಗೆ ಯಾವುದೋ ಊರಿನ ಲಾರಿ ಹತ್ತಿತ್ತು.

ಮರುದಿನ ಊಟದ ಬಿಡುವಿನಲ್ಲಿ ಅಭ್ಯಾಸ ಶುರುವಾಯಿತು. ಮೊದಲು ನಾನು ಊದಿದೆ. ಚೆಂಡು ಏಳಲಿಲ್ಲ. ಅದರಲ್ಲಿ ಅವಮಾನವೇನೂ ಇರಲಿಲ್ಲ, ನಾನು ಸುತ್ತುವವನು. ಆಮೇಲೆ ಗಲ್ಲಣ್ಣ ಬಂದ. ಊದಿ ಊದಿ ಎರಡು ಗಲ್ಲವೂ ಬನ್ನಿನ ಹಾಗಾಗಿರುವುದರಿಂದ ಅವನಿಗೆ ಆ ಹೆಸರು. ಗಲ್ಲಣ್ಣ ಊದಿದ ರಭಸಕ್ಕೆ ನಳಿಕೆಯೇ ಕಳಚಿ ಯಜಮಾನರ ಕನ್ನಡಕಕ್ಕೆ ಬಡಿಯಿತು. ಚೆಂಡು ಮಾತ್ರ ಮಿಸುಕಲಿಲ್ಲ. ಅವನ ಹಿಂದೆ ಏಳು ಮಂದಿ ಊದಿದರು. ಮೂರೂ ಚೆಂಡು ತಳದಲ್ಲಿ ತಣ್ಣಗೆ ಕೂತಿದ್ದವು.

"ಪೆಟ್ಟಿಗೆ ಕೆಟ್ಟಿದೆ" ಎಂದ ಗಲ್ಲಣ್ಣ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಸರೀರಿ ಆಚೆ" ಎಂದು ಮಾವನವರು ಮುಂದೆ ಬಂದರು. ಮೀಸೆ ತಿರುವಿದರು. ಕಾಲು ಅಗಲಿಸಿ ನಿಂತರು. ಊದಿದರು. ಮುಖ ಕೆಂಪಾಯಿತು, ಕೆಂಪು ಹೋಗಿ ನೇರಳೆಯಾಯಿತು, ಹಣೆಯ ನರ ಉಬ್ಬಿತು. ಕಡೆಗೆ ಕೆಮ್ಮು ಬಂದು ಬೆಂಚಿನ ಮೇಲೆ ಕೂತುಬಿಟ್ಟರು. ಕೆಮ್ಮು ನಿಲ್ಲುವುದಕ್ಕೆ ಎರಡು ನಿಮಿಷ ಹಿಡಿಯಿತು. ಚೆಂಡುಗಳು ಇದ್ದಲ್ಲೇ ಇದ್ದವು.

ಯಜಮಾನರ ಮುಖದಲ್ಲಿ ರಕ್ತವೇ ಇರಲಿಲ್ಲ. ದೊಡ್ಡ ಸಭಾಂಗಣವೊಂದಕ್ಕೆ ಹನ್ನೆರಡು ಭಾರಿ ದೀಪದ ಗೋಳಗಳನ್ನು ಅವರು ಒಪ್ಪಿಕೊಂಡಿದ್ದರು. ಒಂದೊಂದೂ ತುಂಬು ಕುಂಬಳಕಾಯಿಯ ಎರಡರಷ್ಟು. ಅಷ್ಟು ದೊಡ್ಡದನ್ನು ಒಂದೇ ದಮ್ಮಿನಲ್ಲಿ ಊದಬಲ್ಲವರು ಮಾವನವರೊಬ್ಬರೇ.

"ಮೇಸ್ತ್ರಿಗಳೇ, ಡಾಕ್ಟರಮ್ಮ ಬರೋವರೆಗೂ ನೀವು ಲೋಟ ಮಾತ್ರ ಊದಿ. ಗೋಳ ಮುಟ್ಟಬೇಡಿ. ಹೆಚ್ಚುಕಮ್ಮಿ ಆದ್ರೆ ನಾನು ಯಾರಿಗೆ ಉತ್ತರ ಹೇಳ್ಲಿ? ಹತ್ತನೇ ದಿನ ಚೆಂಡು ಎದ್ರೆ ಸರಿ. ಇಲ್ದಿದ್ರೆ..." ಅವರು ಸುತ್ತ ನೋಡಿದರು. ಕಣ್ಣು ನನ್ನ ಮೇಲೆ ನಿಂತಿತು. "ಇಲ್ದಿದ್ರೆ ಪ್ಯಾಕಿಂಗ್ ವಿಭಾಗದಲ್ಲಿ ಅಳಿಯಂದ್ರ ಕೈಕೆಳಗೆ ಕೂತ್ಕೊಳ್ಳಿ."

ಮೂವತ್ತು ವರ್ಷ ಕುಲುಮೆಯ ಮುಂದೆ ನಿಂತ ಮನುಷ್ಯ ಅಳಿಯನ ಪಕ್ಕದಲ್ಲಿ ಕೂತು ಲೋಟಕ್ಕೆ ಕಾಗದ ಸುತ್ತುವುದೆಂದರೆ ಏನೆಂದು ನನಗೂ ಗೊತ್ತು. ನನಗೆ ಸಂಕಟವೇ ಆಯಿತು. ಅವರಿಗೆ ಯಾವ ಕುರ್ಚಿ ಕೊಡುವುದು ಎಂಬ ಯೋಚನೆ ಅದರ ಜೊತೆಗೆ ಬಂದದ್ದು ನನ್ನ ತಪ್ಪಲ್ಲ.

ಪೆಟ್ಟಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ಬರುವ ದಾರಿಯಲ್ಲಿ ನಾನೊಂದು ಸಿದ್ಧಾಂತ ಕಂಡುಹಿಡಿದೆ. "ಮಾವಾ, ಗಾಜು ಊದೋ ಉಸಿರು ಗಲ್ಲದಿಂದ ಬರೋದು. ಚೆಂಡು ಎತ್ತೋ ಉಸಿರು ಶ್ವಾಸಕೋಶದ ತಳದಿಂದ ಬರ್ಬೇಕು. ನಿಮ್ಮ ತಳದಲ್ಲಿ ಹೊಗೆ ಕಟ್ಟಿದೆ."

ಅವರು ಮನೆಯ ಮೆಟ್ಟಿಲ ಮೇಲೆ ನಿಂತು, ಜೇಬಿನಿಂದ ಸಿಗರೇಟಿನ ಪ್ಯಾಕೆಟ್ಟು ತೆಗೆದು, ಹಿಸುಕಿ, ಚರಂಡಿಗೆ ಎಸೆದರು. ಬಾಗಿಲಲ್ಲಿ ನಿಂತಿದ್ದ ಅತ್ತೆ ಆ ಪ್ಯಾಕೆಟ್ಟನ್ನೂ ಅವರನ್ನೂ ಒಂದು ಸಲ ನೋಡಿ ಒಳಗೆ ಹೋದರು. ಬೆಳಗಾದರೆ ಮಾವನವರು ಹಾಸಿಗೆಯಿಂದ ಏಳುವ ಮುಂಚೆ ಅರ್ಧ ಗಂಟೆ ಕೆಮ್ಮುತ್ತಿದ್ದರು. ನಮಗೆಲ್ಲ ಅದೇ ಗಡಿಯಾರವಾಗಿತ್ತು. ಸಿಗರೇಟು ಬಿಡಿ ಎಂದು ಅತ್ತೆ ಮೂವತ್ತು ವರ್ಷ ಹೇಳಿ ಸೋತಿದ್ದರು.

ನಾನು ಮನೆಯನ್ನು ನನ್ನ ಆಡಳಿತಕ್ಕೆ ತೆಗೆದುಕೊಂಡೆ. ಕಿಟಕಿಗಳನ್ನೆಲ್ಲ ತೆರೆಸಿದೆ. ಸೊಳ್ಳೆಬತ್ತಿ ಹೊರಗೆ ಹೋಯಿತು, ಸೊಳ್ಳೆಗಳು ಒಳಗೆ ಬಂದವು. ಗುಡಿಸುವ ಮುಂಚೆ ನೀರು ಚಿಮುಕಿಸಿ ಎಂದದ್ದಕ್ಕೆ ಹೆಂಡತಿ ಒಂದು ಚೊಂಬು ನೀರು ನನ್ನ ಕೈಗೇ ಕೊಟ್ಟಳು, ಜೊತೆಗೆ ಪೊರಕೆಯನ್ನೂ ಕೊಟ್ಟಳು.

"ರೀ, ಈ ಬಿಲ್ಲೇನ ಸ್ನಾನಕ್ಕೆ ಹೋಗೋವಾಗಲಾದ್ರೂ ತೆಗೀತೀರೋ ಇಲ್ವೋ?" ಎಂದಳು.

"ಮೂಗಿನಿಂದ ಉಸಿರಾಡು. ಮಾತಾಡಿದ್ರೆ ಬಾಯಿಂದ ಗಾಳಿ ಹೋಗುತ್ತೆ" ಎಂದೆ. ಆಮೇಲೆ ಎರಡು ದಿನ ಅವಳು ಮೂಗಿನಿಂದ ಮಾತ್ರ ಉಸಿರಾಡಿದಳು. ನನಗೆ ಕಾಫಿ ಬೇಕೇ ಎಂದು ಕೂಡ ಕೇಳಲಿಲ್ಲ.

ಬೆಳಿಗ್ಗೆ ನಾನೂ ಮಾವನವರೂ ನಡೆಯಲು ಹೊರಡುತ್ತಿದ್ದೆವು. ತುಟಿ ಬಿಗಿಯಾಗಿ ಮುಚ್ಚಬೇಕು, ನಾಲ್ಕು ಹೆಜ್ಜೆಗೆ ಉಸಿರು ಎಳೆಯಬೇಕು, ಆರು ಹೆಜ್ಜೆಗೆ ಬಿಡಬೇಕು, ಒಂದು ಕೈ ಹೊಟ್ಟೆಯ ಮೇಲಿರಬೇಕು ಎಂಬುದು ನನ್ನ ನಿಯಮ. ಮೊದಲ ದಿನವೇ ಎದುರು ಮನೆಯ ನಿವೃತ್ತ ಪೋಸ್ಟ್‌ಮಾಸ್ತರರು ಗೇಟಿನ ಬಳಿ ನಿಂತಿದ್ದರು.

"ಏನ್ರೀ ಮೇಸ್ತ್ರಿಗಳೇ, ಬೆಳಿಗ್ಗೆ ಬೆಳಿಗ್ಗೆ ಎಲ್ಲಿಗೆ ಸವಾರಿ?"

ಮಾವನವರು ಹೊಟ್ಟೆ ಹಿಡಿದುಕೊಂಡು, ತುಟಿ ಬಿಗಿದುಕೊಂಡು, ಕಣ್ಣರಳಿಸಿ ಅವರನ್ನು ನೋಡಿ ಮುಂದೆ ಹೋದರು. ನಾನೂ ಮಾತಾಡುವ ಹಾಗಿರಲಿಲ್ಲ. ತಲೆ ಅಡ್ಡಡ್ಡ ಆಡಿಸಿ, ಎದೆ ಮುಟ್ಟಿ ತೋರಿಸಿದೆ. ಉಸಿರಿನ ಅಭ್ಯಾಸ ಎಂಬ ಅರ್ಥದಲ್ಲಿ ತೋರಿಸಿದ್ದು. ಪೋಸ್ಟ್‌ಮಾಸ್ತರರು ಮೂವತ್ತೈದು ವರ್ಷ ಸುದ್ದಿ ಹಂಚಿದವರು. ನಾವು ಬೀದಿಯ ಕೊನೆ ಮುಟ್ಟುವಷ್ಟರಲ್ಲಿ ಮೇಸ್ತ್ರಿಗೆ ಮಾತು ನಿಂತುಹೋಗಿದೆ ಎಂದಾಗಿತ್ತು. ವಾಪಸು ಬರುವಷ್ಟರಲ್ಲಿ ಒಂದು ಶ್ವಾಸಕೋಶವೂ ಹೋಗಿತ್ತು.

ಸಂಜೆಗೆ ಮಾವನವರ ಅಕ್ಕ ಬಟ್ಟೆಯ ಗಂಟು ಸಮೇತ ಬಂದಿಳಿದರು. ಹೊಸಿಲಲ್ಲೇ ಗೋಳಾಟ ಶುರುವಾಯಿತು.

"ಅಯ್ಯೋ ತಮ್ಮಾ, ಒಂದೇ ಒಂದರಲ್ಲಿ ಹೇಗೋ ಉಸಿರಾಡ್ತೀಯಾ!"

"ಎರಡೂ ಇದಾವೆ ಅಕ್ಕಾ!"

"ನನ್ನ ಸಮಾಧಾನಕ್ಕೆ ಹೇಳ್ತಿದಾನೆ. ಚಿಕ್ಕವನಿದ್ದಾಗಿಂದ ಹೀಗೇ, ನೋವು ತೋರಿಸ್ಕೊಳ್ಳೋನಲ್ಲ" ಎಂದು ಅವರು ಇನ್ನೂ ಜೋರಾಗಿ ಅತ್ತರು.

ನಾನು ಪೆಟ್ಟಿಗೆ ತಂದು ವಿಷಯ ವಿವರಿಸಿದೆ. "ಇಷ್ಟೇನಾ, ಕೊಡಿಲ್ಲಿ" ಎಂದು ಅವರೂ ಊದಿದರು. ಚೆಂಡು ಏಳಲಿಲ್ಲ. ಅಳು ತಟ್ಟನೆ ನಿಂತಿತು. ಅವರು ಸೋಫಾದ ಮೇಲೆ ಮಲಗಿ, ತಮ್ಮನಿಗೆ ತಂದಿದ್ದ ಹಣ್ಣನ್ನು ತಾವೇ ತಿನ್ನತೊಡಗಿದರು. ವಿಚಾರಿಸಿಕೊಂಡು ಹೋಗಲು ಬಂದ ಪೋಸ್ಟ್‌ಮಾಸ್ತರರೂ ಊದಿದರು. ದರ್ಜಿ ಊದಿದ. ಕ್ಷೌರದಂಗಡಿಯವನು ಕತ್ತರಿ ಕೈಯಲ್ಲಿ ಹಿಡಿದುಕೊಂಡೇ ಬಂದು ಊದಿದ. ನಾನು ಒಬ್ಬೊಬ್ಬರಿಗೂ ನಳಿಕೆಯನ್ನು ಬಿಸಿನೀರಲ್ಲಿ ತೊಳೆದು ಕೊಡುತ್ತಿದ್ದೆ, ಹೆಸರು ಬರೆದುಕೊಂಡು ಮುಂದೆ ಸೊನ್ನೆ ಹಾಕುತ್ತಿದ್ದೆ. ಐದನೆಯ ದಿನಕ್ಕೆ ನಲವತ್ತೊಂದು ಸೊನ್ನೆಗಳಾದವು.

ಇಡೀ ಬೀದಿಯಲ್ಲಿ ಒಂದೇ ಒಂದು ಒಳ್ಳೆಯ ಶ್ವಾಸಕೋಶವಿಲ್ಲ! ದೋಷ ಗಾಳಿಯಲ್ಲೇ ಇರಬೇಕು ಎಂದು ನನಗೆ ಹೊಳೆಯಿತು. ಪುರಸಭೆಗೆ ಮೂರು ಪುಟದ ಅರ್ಜಿ ಬರೆದು, ಸೊನ್ನೆಗಳ ಪಟ್ಟಿ ಲಗತ್ತಿಸಿದೆ. ಏಳನೆಯ ದಿನ ಆರೋಗ್ಯ ನಿರೀಕ್ಷಕರು ಬಂದರು. ಅರ್ಜಿ ಕೊಟ್ಟವರನ್ನು ಗದರಿಸಿ ಕಳಿಸುವುದರಲ್ಲಿ ಅವರು ಹೆಸರು ಮಾಡಿದ್ದರು.

"ಯಾರ್ರೀ ಇದು ಸೊನ್ನೆ ಸುತ್ತಿರೋರು? ಸರ್ಕಾರಿ ಕೆಲಸ ಅಂದ್ರೆ ಹುಡುಗಾಟ ಅಂದ್ಕೊಂಡ್ರಾ?"

ನಳಿಕೆ ತೊಳೆದು ಅವರ ಕೈಗಿಟ್ಟೆ.

ನಿರೀಕ್ಷಕರು ಊದಿದರು. ಪೆಟ್ಟಿಗೆ ನೋಡಿದರು. ಸೊಂಟದ ಪಟ್ಟಿ ಸಡಿಲಿಸಿ ಮತ್ತೆ ಊದಿದರು. ಆಮೇಲೆ ಎದೆಯ ಮೇಲೆ ಕೈ ಇಟ್ಟುಕೊಂಡು, ಬಹಳ ಮೆತ್ತಗಿನ ದನಿಯಲ್ಲಿ, "ಒಂದ್ಲೋಟ ನೀರು ಕೊಡ್ತೀರಾ?" ಎಂದರು. ಅದೇ ಮಧ್ಯಾಹ್ನ ಮೂಲೆಯ ಕಸದ ಗುಡ್ಡೆ ಎತ್ತಿಸಿದರು, ಬೆಂಕಿ ಹಚ್ಚಿದರೆ ದಂಡ ಎಂಬ ಫಲಕ ನೆಡಿಸಿದರು, ಬೀದಿಗೆ ಟ್ಯಾಂಕರಿನಿಂದ ನೀರು ಹೊಡೆಸಿದರು. ಪಟ್ಟಿಯಲ್ಲಿ ತಮ್ಮ ಹೆಸರು ಮಾತ್ರ ಬರೆಯಬೇಡಿ ಎಂದು ನನ್ನ ಕೈ ಹಿಡಿದು ಕೇಳಿಕೊಂಡರು.

ಇದರ ನಡುವೆ ಒಂದು ವಿಚಿತ್ರ ನಡೆದದ್ದನ್ನು ಹೇಳಬೇಕು. ಅಭ್ಯಾಸ ಶುರುವಾದ ಎರಡನೆಯ ದಿನವೇ, ನೀರು ಕುಡಿಯಲೆಂದು ಅಡುಗೆಮನೆಗೆ ಹೋದೆ. ಅತ್ತೆ ಪೆಟ್ಟಿಗೆಯನ್ನು ಒಲೆಯ ಪಕ್ಕ ಇಟ್ಟುಕೊಂಡು ನಳಿಕೆ ಬಾಯಿಗೆ ಹಿಡಿದಿದ್ದರು. ಟಕ್, ಟಕ್, ಟಕ್. ಮೂರು ಚೆಂಡೂ ಒಂದರ ಹಿಂದೆ ಒಂದು ಮೇಲೆದ್ದು ಕೊಳವೆಗಳ ಮೇಲ್ತುದಿಗೆ ಅಂಟಿದ ಹಾಗೆ ನಿಂತವು.

ನಾನು ಬೆರಗಾಗಿ ನಿಂತೆ. ಮರುಕ್ಷಣವೇ ಕಾರಣವೂ ಹೊಳೆಯಿತು. "ಅತ್ತೆ, ಇದು ಒಲೆ ಮುಂದೆ ನಿಂತ ಫಲ! ಬಿಸಿಗೆ ಶ್ವಾಸಕೋಶ ಹಿಗ್ಗಿದೆ!"

"ಹೂಂ, ಇರಬಹುದು ಅಳಿಯಂದ್ರೇ" ಎಂದು ಅವರು ಸೆರಗಿನಿಂದ ನಳಿಕೆ ಒರೆಸಿದರು. "ಆದ್ರೆ ಯಾರಿಗೂ ಹೇಳ್ಬೇಡಿ. ಅವರಿಗೆ ಆಗದೇ ಇದ್ದದ್ದು ನನಗೆ ಆಯ್ತು ಅಂದ್ರೆ ಪಾಪ, ನೊಂದ್ಕೋತಾರೆ."

ಎಂಥ ದೊಡ್ಡ ಮನಸ್ಸು ಎಂದುಕೊಂಡು ಬಾಯಿ ಮುಚ್ಚಿಕೊಂಡೆ. ಕುಲುಮೆಯ ಮುಂದೆ ನಿಂತ ಮಾವನವರಿಗೆ ಅದೇ ಬಿಸಿ ಯಾಕೆ ಫಲ ಕೊಡಲಿಲ್ಲ ಎಂಬ ಪ್ರಶ್ನೆ ನನಗೆ ಬರಲಿಲ್ಲ. ಎಲ್ಲ ಪ್ರಶ್ನೆಗಳೂ ಒಬ್ಬನಿಗೇ ಬರಬೇಕೆಂದರೆ ಹೇಗೆ?

ಮಾವನವರ ಸ್ಥಿತಿ ನೋಡಲಾಗುತ್ತಿರಲಿಲ್ಲ. ಸಿಗರೇಟಿಲ್ಲದೆ ಮೂರನೆಯ ದಿನ ಅವರು ಮೀಸೆ ಕಚ್ಚಿದರು. ನಾಲ್ಕನೆಯ ದಿನ ಕ್ಯಾಲೆಂಡರಿಗೆ ಬೈದರು. ಐದನೆಯ ದಿನ ಗಲ್ಲಣ್ಣ ಒಂದು ಸಿಗರೇಟು ಚಾಚಿದಾಗ, ಕೈ ಮುಂದೆ ಹೋಗಿ, ಪೆಟ್ಟಿಗೆಯ ಕಡೆ ನೋಡಿ ಹಿಂದೆ ಬಂತು. ಅವರು ಊದುವುದನ್ನು ಬಿಡಲಿಲ್ಲ. ಬೆಳಿಗ್ಗೆ ಊದಿದರು, ಊಟಕ್ಕೆ ಮುಂಚೆ ಊದಿದರು. ಒಂಬತ್ತನೆಯ ದಿನ ಸಂಜೆ ಹಿತ್ತಲ ಕಟ್ಟೆಯ ಮೇಲೆ ಕೂತು, "ಅಳಿಯಂದ್ರೇ, ನನಗೆ ಬೇರೆ ವಿದ್ಯೆ ಗೊತ್ತಿಲ್ಲ" ಎಂದರು. ಅಷ್ಟೇ ಹೇಳಿದ್ದು. ನನಗೆ ಬಿಲ್ಲೆ ಎದೆಯ ಮೇಲೆ ಭಾರವೆನಿಸಿತು.

ಆ ವೇಳೆಗೆ ಬೆಳಗಿನ ಕೆಮ್ಮು ನಿಂತುಹೋಗಿತ್ತು. ನಾವೆಲ್ಲ ದಿನಾ ತಡವಾಗಿ ಏಳುತ್ತಿದ್ದೆವು.

ಹತ್ತನೆಯ ದಿನ ಡಾಕ್ಟರಮ್ಮ ಬಂದರು. ಕಾರ್ಖಾನೆಯ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಊದುವವರು, ಯಜಮಾನರು, ಗೋಡೆಗೆ ಒರಗಿದ ಆರೋಗ್ಯ ನಿರೀಕ್ಷಕರು, ಪೋಸ್ಟ್‌ಮಾಸ್ತರರು, ಕುರ್ಚಿಯ ಸಮೇತ ಬಂದಿದ್ದ ಮಾವನವರ ಅಕ್ಕ. ಅತ್ತೆಯೂ ನನ್ನ ಹೆಂಡತಿಯೂ ಊಟದ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ನಾನು ನಲವತ್ತೊಂದು ಸೊನ್ನೆಗಳ ಪಟ್ಟಿಯನ್ನು ಗಂಭೀರವಾಗಿ ಒಪ್ಪಿಸಿದೆ.

ಡಾಕ್ಟರಮ್ಮ ಪಟ್ಟಿ ಓದಿ ಹುಬ್ಬು ಗಂಟಿಕ್ಕಿದರು. "ಯಾರಿಗೂ ಒಂದೂ ಎದ್ದಿಲ್ವಾ? ಮೇಸ್ತ್ರಿಗಳೇ, ಎಲ್ಲಿ, ಒಂದ್ಸಲ ಮಾಡಿ ತೋರಿಸಿ."

ಮಾವನವರು ಕಣ್ಣು ಮುಚ್ಚಿಕೊಂಡು, ಇದ್ದಬದ್ದ ಜೀವವನ್ನೆಲ್ಲ ಒಟ್ಟುಮಾಡಿ ಊದಿದರು.

"ನಿಲ್ಲಿ ನಿಲ್ಲಿ. ಯಾಕೆ ಊದ್ತಾ ಇದೀರಿ?"

"ಊದದೆ?" ಎಂದರು ಮಾವನವರು.

"ಎಳೀಬೇಕು ಇದನ್ನ. ಉಸಿರು ಒಳಗೆ ಎಳ್ಕೋಬೇಕು! ಊದಿದ್ರೆ ಪೈಲ್ವಾನರಿಗೂ ಏಳಲ್ಲ. ಚೀಟಿಯಲ್ಲಿ ಚಿತ್ರ ಸಮೇತ ಇತ್ತಲ್ಲ?"

ಅಂಗಳದಲ್ಲಿದ್ದ ಮುಖಗಳೆಲ್ಲ ಒಟ್ಟಿಗೆ ನನ್ನ ಕಡೆ ತಿರುಗಿದವು. ನಿರೀಕ್ಷಕರು ಸೊಂಟದ ಪಟ್ಟಿ ಬಿಗಿ ಮಾಡಿಕೊಂಡರು. ನಾನು ವಿಚಲಿತನಾಗಲಿಲ್ಲ. "ಬಿಡೋದರಲ್ಲಿ ನಮ್ಮನ್ನ ಮೀರಿಸೋರಿಲ್ಲ ಅಂತ ಇದರಿಂದ ಗೊತ್ತಾಯ್ತು" ಎಂದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಮಾವನವರು ಮತ್ತೆ ನಳಿಕೆ ಬಾಯಿಗಿಟ್ಟು ಉಸಿರು ಎಳೆದರು. ಮೊದಲ ಚೆಂಡು ಟಕ್ಕನೆ ಎದ್ದಿತು. ಎರಡನೆಯದೂ ಎದ್ದಿತು. ಮೂರನೆಯದು ಅರ್ಧದವರೆಗೆ ಬಂದು, ತೂಗಾಡಿ, ಕೆಳಗೆ ಬಿತ್ತು.

"ಕುಲುಮೆ ಕೆಲಸಕ್ಕೆ ಅಡ್ಡಿಯಿಲ್ಲ. ಆದ್ರೆ ಆ ಮೂರನೇದನ್ನ ಕೂರಿಸಿರೋದು ಸಿಗರೇಟು. ಎಷ್ಟು ಸೇದ್ತೀರಿ?" ಎಂದರು ಡಾಕ್ಟರಮ್ಮ.

"ಒಂಬತ್ತು ದಿನದಿಂದ ಒಂದೂ ಇಲ್ಲ."

"ಹಾಗೇ ಇದ್ರೆ ಅದೂ ಏಳುತ್ತೆ" ಎಂದು ಅವರು ಗಲ್ಲಣ್ಣನ ಕಡೆ ತಿರುಗಿದರು.

ಅಂಗಳದಲ್ಲಿ ಗದ್ದಲವೆದ್ದಿತು. ಅಕ್ಕ ಕುರ್ಚಿಯಿಂದ ಎದ್ದು ಕುಣಿಯುವುದೊಂದು ಬಾಕಿ. ಗಲ್ಲಣ್ಣ ಮೂರೂ ಚೆಂಡು ಎತ್ತಿ ಯಾರ ಕೈಗೂ ಪೆಟ್ಟಿಗೆ ಕೊಡಲೊಲ್ಲ. ಯಜಮಾನರು ಮಾವನವರನ್ನು ತಬ್ಬಿಕೊಂಡು, ಸಂತೋಷದ ಭರದಲ್ಲಿ ಜೇಬಿನಿಂದ ಪ್ಯಾಕೆಟ್ಟು ತೆಗೆದು, "ತಗೊಳ್ಳಿ ಮೇಸ್ತ್ರಿಗಳೇ, ಕಂಟಕ ಕಳೀತು!" ಎಂದು ಒಂದು ಸಿಗರೇಟು ಚಾಚಿದರು.

ಮಾವನವರು ತೆಗೆದುಕೊಂಡರು. "ಸುಮ್ನೆ ಒಂಬತ್ತು ದಿನ ಹಾಳಾಯ್ತಲ್ರೀ! ಎಲ್ಲ ಸರಿಯಾಗೇ ಇದೆ ಅಂತ ಗೊತ್ತಿದ್ದಿದ್ರೆ ನಾನ್ಯಾಕೆ ಬಿಡ್ತಿದ್ದೆ!" ಎಂದು ನಗುತ್ತಾ ಬಾಯಿಗಿಟ್ಟುಕೊಂಡರು.

"ನನಗೆ ಎರಡನೇ ದಿನವೇ ಗೊತ್ತಿತ್ತು, ಎಳೀಬೇಕು ಅಂತ."

ಬಾಗಿಲಿನಿಂದ ಬಂದ ದನಿ ಅತ್ತೆಯದು. ಅವರು ಡಬ್ಬಿ ಕೆಳಗಿಟ್ಟು ಒಳಗೆ ಬಂದರು. "ನಾನು ಗಾಜು ಊದೋಳಲ್ವಲ್ಲ, ನಳಿಕೆ ಬಾಯಿಗಿಟ್ಟ ತಕ್ಷಣ ಶರಬತ್ತು ಕುಡಿಯೋ ಹಾಗೆ ಎಳೆದೆ. ಮೂರೂ ಎದ್ವು. ಅಳಿಯಂದ್ರು ನೋಡಿದಾರೆ, ಕೇಳಿ."

"ಒಲೆಯ ಬಿಸಿಗೆ..." ಎಂದು ಶುರು ಮಾಡಿದೆ. ಹೆಂಡತಿ ನನ್ನ ಕಾಲು ತುಳಿದಳು.

ಮಾವನವರ ಬಾಯಿಯಿಂದ ಸಿಗರೇಟು ಕೈಗೆ ಬಂತು. "ಗೊತ್ತಿದ್ದೂ ಹೇಳ್ಲಿಲ್ವೇನೇ? ಕುಲುಮೆ ತಪ್ಪಿಹೋಗುತ್ತೆ ಅಂತ ಹತ್ತು ದಿನ ನನ್ನ ಜೀವ ಬಾಯಿಗೆ ಬಂದಿತ್ತಲ್ಲೇ!"

"ನನಗೆ ಮೂವತ್ತು ವರ್ಷದಿಂದ ದಿನಾ ಬೆಳಿಗ್ಗೆ ಹಾಗೇ ಬರ್ತಿತ್ತು" ಎಂದರು ಅತ್ತೆ. "ನೀವು ಕೆಮ್ಮೋಕೆ ಶುರು ಮಾಡಿದಾಗ. ಈ ಸಲ ಉಸಿರು ವಾಪಸ್ ಬರುತ್ತೋ ಇಲ್ವೋ ಅಂತ ನಾನು ಪಕ್ಕದಲ್ಲಿ ಮಲಗಿ ಎಣಿಸ್ತಿದ್ದೆ. ನಾನು ಹೇಳಿದ್ದಕ್ಕೆ ಬಿಡಲಿಲ್ಲ. ಈ ಚೆಂಡಿಗೆ ಹೆದರಿ ಬಿಟ್ರಿ. ನಾನ್ಯಾಕೆ ಹೇಳ್ಲಿ?"

ಗಲ್ಲಣ್ಣ ಪೆಟ್ಟಿಗೆಯನ್ನು ಮೆಲ್ಲಗೆ ಬೆಂಚಿನ ಮೇಲಿಟ್ಟ. ಯಜಮಾನರು ತಮ್ಮ ಪ್ಯಾಕೆಟ್ಟನ್ನು ಯಾರಿಗೂ ಕಾಣದ ಹಾಗೆ ಜೇಬಿಗೆ ಸೇರಿಸಿದರು. ಮಾವನವರು ಹೆಂಡತಿಯ ಮುಖ ನೋಡಿದರು. ಮೂವತ್ತು ವರ್ಷ ಅದೇ ಹಾಸಿಗೆಯಲ್ಲಿ ಮಲಗಿದವರಿಗೆ, ಪಕ್ಕದಲ್ಲೊಬ್ಬರು ಎಣಿಸುತ್ತಿದ್ದಾರೆಂದು ಗೊತ್ತೇ ಇರಲಿಲ್ಲ.

ಅವರು ಸಿಗರೇಟನ್ನು ಎರಡು ತುಂಡು ಮಾಡಿ ಕುಲುಮೆಯ ಬಾಯಿಗೆ ಎಸೆದರು. ಊದುಕೊಳವೆ ಎತ್ತಿಕೊಂಡರು.

"ಮೂರನೇದೂ ಏಳುತ್ತೆ. ನೋಡ್ತಿರು" ಎಂದರು.

"ನೋಡ್ತಾನೇ ಇರ್ತೀನಿ, ಇನ್ನೂ ಮೂವತ್ತು ವರ್ಷ" ಎಂದರು ಅತ್ತೆ.

ಮಾವನವರು ಕುಲುಮೆಯ ಮುಂದೆ ಕಾಲು ಅಗಲಿಸಿ ನಿಂತು, ಹೊಟ್ಟೆ ಉಬ್ಬುವ ತನಕ ಮೂಗಿನಿಂದ ಉಸಿರು ಎಳೆದುಕೊಂಡು, ಊದಿದರು. ಕೊಳವೆಯ ತುದಿಯಲ್ಲಿ ಕೆಂಡದಂಥ ಗಾಜು ಹಿಗ್ಗುತ್ತ ಹಿಗ್ಗುತ್ತ ಹೋಯಿತು. ಅವರು ಒಂದು ಸಲವೂ ಕೆಮ್ಮಲಿಲ್ಲ. ಅತ್ತೆ ಎಣಿಸುವುದನ್ನು ನಿಲ್ಲಿಸಿ ಡಬ್ಬಿಯ ಮುಚ್ಚಳ ತೆಗೆದು ನಮಗೆಲ್ಲ ಊಟಕ್ಕೆ ಕೂರಲು ಹೇಳಿದರು.